ತೂಬು ಎತ್ತುವ ಮುಂಚೆ

“ಸೈರನ್ ಕೂಗಿದ ಕೂಡ್ಲೇ ಮೆಟ್ಟಿಲ ಮೇಲಿದ್ದ ಜನ ಎಲ್ಲ ಎದ್ದು ಬಂದ್ರು. ನೀರುನಾಯಿಗಳು ಮಾತ್ರ ಬರ್ಲಿಲ್ಲ,” ಎಂದಳು ಎಂಜಿನಿಯರಮ್ಮ. ಆಕೆ ಮುಟ್ಟದೆ ಇಟ್ಟಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. “ಒಂದು ಮರಿ ಕೊಚ್ಕೊಂಡು ಹೋಯ್ತು, ಯಜಮಾನ್ರೇ. ಆಮೇಲೆ ಸೇತುವೆ ಹತ್ರ ಸಿಕ್ತು.”

ನೀರುಗಂಟಿ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಮೂವತ್ತೊಂದು ವರ್ಷ ನೀರಿನ ಕಂಪನಿಯ ಕೆರೆಯಲ್ಲಿ ತೂಬಿನ ಚಕ್ರ ತಿರುಗಿಸಿದ ಕೈ. ನಾಲ್ಕು ತಿಂಗಳ ಹಿಂದೆ ಅವನು ನಿವೃತ್ತನಾಗಿ ಮನೆಗೆ ಬಂದ ವಾರವೇ ಚಕ್ರಕ್ಕೆ ಮೋಟಾರು ಕೂರಿಸಲು ತೂಬು ಮುಚ್ಚಿದ್ದರು. ಮೊನ್ನೆ ಮೊದಲ ಸಲ ಗುಂಡಿ ಒತ್ತಿ ಎತ್ತಿದ್ದರು.

ತೂಬಿನ ನೀರು ಬೀಳುವಲ್ಲಿ ಒಂದು ಮಡು. ಈ ದಡದಲ್ಲಿ ಊರಿನವರು ಈಜಲು ಇಳಿಯುವ ಕಲ್ಲಿನ ಮೆಟ್ಟಿಲು, ಆ ದಡದಲ್ಲಿ ಬಂಡೆಗಳ ಸಂದಿನಲ್ಲಿ ನೀರುನಾಯಿಗಳ ಬಿಲ. ಎರಡನ್ನೂ ಕಾಯುವುದು ಕಂಪನಿಯ ಹೊಣೆ ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿದವಳು ಇದೇ ಎಂಜಿನಿಯರಮ್ಮ.

“ನಿಮ್ಮ ಕಾಲದ ದಾಖಲೆ ಪುಸ್ತಕ ಪೂರ್ತಿ ಓದ್ದೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಪ್ರಾಣಿ ಸತ್ತಿಲ್ಲ. ಅದು ಹೇಗೆ?”

“ಅದೃಷ್ಟ ತಾಯಿ.”

“ಅದೃಷ್ಟ ಅಂತ ದೊಡ್ಡ ಕಚೇರಿಗೆ ಬರೆಯೋಕಾಗುತ್ತಾ? ನಾಳೆ ಬೆಳಗ್ಗೆ ಸಾಹೇಬ್ರ ಎದುರಿಗೆ ಇನ್ನೊಂದ್ಸಲ ಎತ್ತಬೇಕು. ನಾಳೇನೂ ಹೀಗೇ ಆದ್ರೆ ಬಂಡೆ ಸಂದಿಗೆ ಸಿಮೆಂಟು, ಮೆಟ್ಟಿಲಿಗೆ ಬೇಲಿ. ಅವೂ ಬೇಡ, ಜನಾನೂ ಬೇಡ ಅಂತಾರೆ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು!” ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

“ಅವಳಿಗೆ ಅರ್ಧ ಕಿವುಡು,” ಎಂದ ನೀರುಗಂಟಿ. “ಯಾವ ಅರ್ಧ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.”

ಎಂಜಿನಿಯರಮ್ಮ ನಗಲಿಲ್ಲ. ಚಕ್ರದ ಕೋಣೆಯ ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆ ನೀರುಗಂಟಿಯ ಕಣ್ಣ ಮುಂದೆ ಬಂತು. ಓದು ಬರಹ ಅಷ್ಟಕ್ಕಷ್ಟೇ ಆದರೂ ಅದರ ಮೊದಲ ಸಾಲು ಬಾಯಿಪಾಠ: ಯಂತ್ರಕ್ಕೆ ಸುತ್ತಿಗೆಯಾಗಲಿ, ಬೇರೆ ಹತಾರವಾಗಲಿ ತಾಗಿಸಬಾರದು.

“ಎತ್ತೋ ಮುಂಚೆ ಸ್ಪ್ಯಾನರಿನಲ್ಲಿ ತೂಬಿನ ಸರಳಿಗೆ ಬಡೀತಿದ್ದೆ,” ಎಂದ ಕೊನೆಗೆ. “ತುಕ್ಕು ಬಿಡಲಿ ಅಂತ.”

“ಸುಳ್ಳು!” ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. “ತುಕ್ಕಂತೆ ತುಕ್ಕು. ನಾನು ಹೇಳ್ತೀನಿ ಕೇಳಮ್ಮ. ಆಗ ನಮಗಿನ್ನೂ ಮದುವೆ ಆಗಿರ್ಲಿಲ್ಲ. ಮಡುವಿನಲ್ಲಿ ಬಟ್ಟೆ ಒಗೀತಾ ಇದ್ದೆ. ಈ ಮಹಾಶಯರು ಕೆಲಸಕ್ಕೆ ಸೇರಿ ಇನ್ನೂ ಮೂರು ದಿನ. ಹೇಳದೆ ಕೇಳದೆ ಎತ್ತಿಬಿಟ್ರು. ಮನೆಯವರ ಬಟ್ಟೆಯೆಲ್ಲ ನೀರುಪಾಲು. ನಮ್ಮಪ್ಪನ ಹೊಸ ಅಂಗೀನೂ ಹೋಯ್ತು! ನಾನು ಮೆಟ್ಟಿಲ ಪಕ್ಕದ ಕಂಬಿ ಹಿಡ್ಕೊಂಡು ಹ್ಯಾಗೋ ಮೇಲೆ ಬಂದೆ. ಬಂದವಳೇ ಬೈದೆ ನೋಡು...”

“ಇನ್ನೂ ಮುಗಿದಿಲ್ಲ,” ಎಂದ ನೀರುಗಂಟಿ.

ಈಗ ಎಂಜಿನಿಯರಮ್ಮನಿಗೆ ನಗು ಬಂತು. ತಣ್ಣಗಾದ ಚಹಾವನ್ನು ಎತ್ತಿಕೊಂಡಳು.

ಆ ಬೈಗುಳ ತಿಂದ ಮರುದಿನದಿಂದ ಅವನು ಬಡಿಯತೊಡಗಿದ್ದ. ಮೂರು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೆ ಒಂದು ಪೆಟ್ಟು. ಆಮೇಲೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯುವುದು. ಕೆಳಗೆ ಆ ಹುಡುಗಿ ತಲೆ ಎತ್ತದೆ, ಅವನ ಕಡೆ ನೋಡದೆ, ಬಟ್ಟೆ ಬಾಚಿಕೊಂಡು ಮೇಲಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದಳು. ಒಂದು ವರ್ಷದ ಮೇಲೆ ಮದುವೆಯಾಯಿತು. ಮನೆಗೆ ನಲ್ಲಿ ಬಂತು. ಒಗೆಯುವ ಬಟ್ಟೆ ಇಲ್ಲದಿದ್ದರೂ ಅವಳು ಮಡುವಿಗೆ ಹೋಗಿ ನೀರಲ್ಲಿ ಕಾಲಿಟ್ಟು ಕೂರುವುದು ಬಿಡಲಿಲ್ಲ, ಅವನು ಬಡಿಯುವುದೂ ಬಿಡಲಿಲ್ಲ. ತಪಾಸಣೆಗೆ ಬಂದ ಸಾಹೇಬರು ಯಾರಾದರೂ ಸರಳಿನ ಮೇಲಿನ ಗುಳಿ ತೋರಿಸಿ ಕೇಳಿದರೆ, “ನಾನು ಬರೋ ಮುಂಚಿಂದಲೂ ಇದೆ ಸ್ವಾಮಿ” ಎನ್ನುತ್ತಿದ್ದ.

“ಮಡುವಿನಲ್ಲಿ ಬಲೆ ಬೀಸಬಾರದು ಅಂತ ಕಂಪನಿ ನಿಲ್ಲಿಸ್ತಲ್ಲ, ಆಮೇಲೆ ಬಂದವು ಈ ನೀರುನಾಯಿಗಳು,” ಎಂದ ನೀರುಗಂಟಿ. “ಮೊದಮೊದಲು ಸದ್ದಾದ್ರೆ ಮುಳುಗಿಬಿಡ್ತಿದ್ದವು. ನಾನು ಅವು ಮೇಲೆ ಬರೋತನಕ ಕಾಯ್ತಿದ್ದೆ. ಬರಬರ್ತಾ ಇವಳು ಎದ್ದ ಕೂಡ್ಲೇ ಅವೂ ಬಂಡೆ ಹತ್ತೋಕೆ ಶುರು ಮಾಡಿದವು. ನಾನು ಕಲಿಸಿದ್ದಲ್ಲ ತಾಯಿ. ಇವಳನ್ನ ನೋಡಿ ಕಲಿತವು.”

“ಸೈರನ್ ಅದಕ್ಕಿಂತ ನೂರು ಪಾಲು ಜೋರು.”

“ಅದು ಗಾಳಿಯಲ್ಲಿ ಹೋಗುತ್ತೆ. ಇದು ಕಬ್ಬಿಣದೊಳಗೆ ಇಳಿದು ನೀರಿಗೆ ಹೋಗುತ್ತೆ. ಬಿಲದಲ್ಲಿ ಮಲಗಿರೋವಕ್ಕೆ ಯಾವುದು ಗೊತ್ತಾಗುತ್ತೆ ಹೇಳಿ.” ಆಮೇಲೆ ಕೇಳಿದ, “ನಿಯಮ ಮುರಿದಿದ್ದಕ್ಕೆ ಏನಾದ್ರೂ ಮಾಡ್ತಾರಾ?”

“ನಾಳೆ ಬನ್ನಿ. ಇನ್ನೊಂದ್ಸಲ ಮುರೀರಿ,” ಎಂದಳು ಎಂಜಿನಿಯರಮ್ಮ.

ಬೆಳಗ್ಗೆ ಚಕ್ರದ ಕೋಣೆಯ ಅರವತ್ತೆರಡು ಮೆಟ್ಟಿಲನ್ನು ಅವನು ಮೂರು ಕಡೆ ನಿಂತು ಹತ್ತಿದ. ಚಕ್ರವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದರ ಜಾಗದಲ್ಲಿ ಹಸಿರು ಬಣ್ಣದ ಪೆಟ್ಟಿಗೆಯೊಂದು ಗುಂಯ್ಗುಡುತ್ತಿತ್ತು. ಹಳೆಯ ಸ್ಪ್ಯಾನರನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದರು. ಅದನ್ನು ಎತ್ತಿಕೊಂಡಾಗ ಕೈಗೆ ಅದರ ತೂಕ ನೆನಪಿತ್ತು, ತೋಳಿಗೆ ಮರೆತಿತ್ತು.

ದೊಡ್ಡ ಕಚೇರಿಯ ಸಾಹೇಬರು ಗಡಿಯಾರ ನೋಡಿಕೊಂಡು ಕಿಟಕಿಯ ಬಳಿ ನಿಂತರು. ಕೆಳಗೆ ಜನರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದರು. ಆದರೂ ಕೊನೆಯ ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಳು, ಕಾಲು ನೀರಲ್ಲಿ, ಒಂದು ಕೈ ನೀರಿಗಿಳಿದ ಕಬ್ಬಿಣದ ಕಂಬಿಯ ಮೇಲೆ. ಕಾವಲುಗಾರ ಕೂಗುತ್ತಿದ್ದ. ಅವಳಿಗೆ ಕೇಳಿಸುತ್ತಿರಲಿಲ್ಲ.

“ಯಾರದು? ಎಬ್ಬಿಸಿ!” ಎಂದರು ಸಾಹೇಬರು.

“ಅವಳನ್ನ ಯಾರೂ ಎಬ್ಬಿಸೋಕಾಗಲ್ಲ ಸ್ವಾಮಿ,” ಎಂದು ನೀರುಗಂಟಿ ಸರಳಿನ ಗುಳಿ ಹುಡುಕಿ ಬಡಿದ. ಮೂರು. ಬಿಡುವು. ಒಂದು.

ಮಡು ಕನ್ನಡಿಯ ಹಾಗೆ ಬಿದ್ದಿತ್ತು. ಬಂಡೆಗಳ ಕಡೆ ಒಂದು ಎಲೆಯೂ ಅಲುಗಲಿಲ್ಲ. “ಆಯ್ತಾ?” ಎಂದರು ಸಾಹೇಬರು. ಎಂಜಿನಿಯರಮ್ಮ ಬಂಡೆಗಳ ಮೇಲಿಂದ ಕಣ್ಣು ಕೀಳಲಿಲ್ಲ. ಆಕೆಯ ಬೆರಳು ಗುಂಡಿಯ ಪಕ್ಕದಲ್ಲೇ ಇತ್ತು. ನೀರುಗಂಟಿ ಮಾತ್ರ ಆ ಕಡೆ ನೋಡುತ್ತಲೇ ಇರಲಿಲ್ಲ.

ಮೆಟ್ಟಿಲ ಮೇಲೆ ಕಂಬಿ ಹಿಡಿದಿದ್ದ ಕೈ ಬಿಗಿಯಾಯಿತು. ಅವಳು ತಲೆ ಎತ್ತದೆ, ಮೇಲೆ ನೋಡದೆ, ಬಟ್ಟೆಯ ಅಂಚು ಹಿಂಡಿಕೊಂಡು ಎದ್ದಳು. ಒಂದು ಮೆಟ್ಟಿಲು. ಮಂಡಿ ಹಿಡಿದು ಇನ್ನೊಂದು.

ಆಗ ಆಚೆ ದಡದ ನೀರು ಸೀಳಿತು. ಒಂದು ಕಪ್ಪು ತಲೆ, ಅದರ ಹಿಂದೆ ಇನ್ನೊಂದು. ತಾಯಿ ಮರಿಯೊಂದನ್ನು ಕತ್ತು ಕಚ್ಚಿ ಹಿಡಿದು ಬಂಡೆಗೆ ಹತ್ತಿಸಿ, ಮತ್ತೆ ಇಳಿದು ಎರಡನೆಯದನ್ನು ತಂದಿತು. ಮೂರನೆಯ ಸಲವೂ ಇಳಿಯಿತು. ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡಿ, ಬರಿಬಾಯಲ್ಲಿ ಮೇಲೆ ಬಂತು.

ಸಾಹೇಬರು ಗಡಿಯಾರ ಕಟ್ಟಿದ್ದ ಕೈ ಕೆಳಗಿಳಿಸಿದರು.

“ಎತ್ತಲಾ?” ಎಂಜಿನಿಯರಮ್ಮ ಮೆಲ್ಲಗೆ ಕೇಳಿದಳು.

“ಸ್ವಲ್ಪ ತಡೀರಿ.”

ಅವನು ಸ್ಪ್ಯಾನರ್ ಕೆಳಗಿಡದೆ ಕಿಟಕಿಯಿಂದ ನೋಡುತ್ತಿದ್ದ. ಕೊನೆಯ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಉಳಿದಿತ್ತು. ಅವಳು ನಡುವೆ ನಿಂತು, ನೆನಪು ಮಾಡಿಕೊಂಡವಳ ಹಾಗೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ್ದಳು. ಅವಳಿಗೇನೂ ಅವಸರವಿರಲಿಲ್ಲ.