ಪ್ರಶ್ನೆಗಳನ್ನು ಮುಚ್ಚಿಟ್ಟು ಓದಿಸಿದವಳು

ಮೋಲಿ ಸಲ್ಡಾನ್ಹಾ ೨೦೨೧ರ ಆಗಸ್ಟ್ ಹನ್ನೊಂದು, ಬುಧವಾರ ಬೆಳಿಗ್ಗೆ ಮಲೇಷ್ಯಾದ ಕ್ಲಾಂಗಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೋವಿಡ್. ವಯಸ್ಸು ಅರವತ್ತೊಂದು. ಸುದ್ದಿಯನ್ನು ಅವಳ ಗಂಡ ಪ್ಯಾಟ್ರಿಕ್ ನನಗೆ ಫೋನಿನಲ್ಲಿ ಹೇಳಿದರು. ನಮ್ಮದು ಒಂದೇ ಮಹಡಿಯ ಎದುರುಬದುರು ಮನೆ, ಎರಡು ಬಾಗಿಲುಗಳ ನಡುವೆ ಹತ್ತು ಹೆಜ್ಜೆ. ಅವರು ಕ್ವಾರಂಟೈನ್‌ನಲ್ಲಿದ್ದುದರಿಂದ ಬಾಗಿಲು ತೆರೆಯುವಂತಿರಲಿಲ್ಲ. ಅವರ ದನಿ ಫೋನಿನಲ್ಲೂ ಬಾಗಿಲಿನಾಚೆಯಿಂದಲೂ ಕೇಳಿಸಿತು, ಒಂದು ಕ್ಷಣ ಹಿಂದುಮುಂದಾಗಿ.

ಮೋಲಿಯನ್ನು ಹೊಸದಾಗಿ ಕಂಡವರು ಅವಳನ್ನು ತೀರಾ ನಿಧಾನದ ಹೆಂಗಸು ಎಂದುಕೊಳ್ಳುತ್ತಿದ್ದರು. ನಿಜವೆಂದರೆ, ಕಣ್ಣಿಗೆ ಬಿದ್ದ ಬರಹವನ್ನು ಕೊನೆಯ ಅಕ್ಷರದವರೆಗೆ ಓದದೆ ಅವಳಿಂದ ಮುಂದಕ್ಕೆ ಹೋಗಲಾಗುತ್ತಿರಲಿಲ್ಲ. ಲಿಫ್ಟಿನೊಳಗೆ ಅಂಟಿಸಿದ ಸೂಚನೆ, ಸಾಸ್ ಬಾಟಲಿಯ ಹಿಂಬದಿಯ ಚೀಟಿ, ಬಸ್ ನಿಲ್ದಾಣದಲ್ಲಿ ಹರಿದುಹೋದ ಹಳೆಯ ಜಾಹೀರಾತು, ಎಲ್ಲವನ್ನೂ ಅವಳು ತಲೆಯನ್ನು ಎಡಕ್ಕೆ ತುಸು ವಾಲಿಸಿ, ಚಪ್ಪಲಿಯ ಹಿಮ್ಮಡಿ ಎಳೆಯುತ್ತ ಸಮೀಪಿಸಿ, ಓದಿ ಮುಗಿಸಿದ ಮೇಲೆಯೇ ಕದಲುತ್ತಿದ್ದಳು. ನಮ್ಮ ಬೀದಿಯ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಆ ಹೋಟೆಲಿನಲ್ಲಿ, ಕೂತರೆ ಮೆನುವನ್ನು ಮೊದಲಿನಿಂದ ತುದಿಯವರೆಗೆ ಓದುವಳು. ಓದಿ, ಹದಿನೆಂಟು ವರ್ಷ ತರಿಸಿಕೊಂಡಿದ್ದು ಅದೇ ಒಂದು ತೋಸೆ.

ಕ್ಲಾಂಗಿನ ಸೆಕೆಯಲ್ಲೂ ಅವಳ ಮೈಮೇಲೆ ಬೂದುಬಣ್ಣದ ಗಂಡಸರ ಸ್ವೆಟರೊಂದು ಇರುತ್ತಿತ್ತು. ಶಾಲೆಯ ಸ್ಟಾಫ್ ರೂಮಿನ ಏಸಿಗಾಗಿ ಕೊಂಡದ್ದಂತೆ. ಆಮೇಲೆ ಅದು ಅವಳಿಗೆ ಅಂಟಿಕೊಂಡಿತು. ಅದರ ಜೇಬಿನಲ್ಲಿ ಸದಾ ಮಡಿಸಿದ ಒಂದು ಪ್ರಶ್ನೆಪತ್ರಿಕೆ. ಇನ್ನು ಮಾತಿನ ಚಟ ಒಂದಿತ್ತು. ಯಾರು ಏನೇ ಹೇಳಲಿ, ಎಷ್ಟನೇ ಸಾಲು ಎಂದು ಕೇಳುವಳು.

“ಕೆಳಗಿನ ಮನೆ ಗಿರಿಜಮ್ಮ ಊರಿಗೆ ವಾಪಸ್ ಹೋಗ್ತಾರಂತೆ ಕಣೇ,” ಎಂದರೆ,

“ಎಷ್ಟನೇ ಸಾಲಲ್ಲಿ ಉಂಟು?”

“ಸಾಲು ಗೀಲು ಇಲ್ಲ. ಅವರ ಮುಖ ನೋಡಿದ್ರೆ ಹಾಗನ್ಸತ್ತೆ.”

“ಹಾಗಾದ್ರೆ ಅರ್ಧ ಅಂಕ ಮಾರಾಯ್ತಿ. ಊಹೆಗೆ ಅಷ್ಟೇ.”

ನಾನು ಮೈಸೂರಿನ ಕಾಲೇಜೊಂದರಲ್ಲಿ ಪುಸ್ತಕಗಳ ನಡುವೆ ಕೆಲಸ ಮಾಡಿದವಳು. ಗಂಡನಿಗೆ ಸೈಬರ್‌ಜಯಾದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಮಾತಾಡಲು ಜನವಿರಲಿಲ್ಲ. ಎದುರು ಮನೆಯ ಮಂಗಳೂರಿನ ಹೆಂಗಸು ಬಂದು, ಕಪಾಟಿನ ಎದುರು ನಿಂತು, ನನ್ನ ಪುಸ್ತಕಗಳ ಬೆನ್ನುಗಳನ್ನೆಲ್ಲ ಓದಿ ಮುಗಿಸಿದಳು. “ನಿನ್ನ ಹೆಸರೆಂತ?” ಎಂದು ಕೇಳಿದ್ದು ಅದಾದ ಮೇಲೆ.

ಮೋಲಿ ಇಂಗ್ಲಿಷ್ ಕಲಿಸುತ್ತಿದ್ದುದು ಚೀನೀ ಸಮುದಾಯವೇ ಹಣ ಹಾಕಿ ನಡೆಸುವ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ಗಣಿತ, ವಿಜ್ಞಾನ, ಚರಿತ್ರೆ ಎಲ್ಲ ಮ್ಯಾಂಡರಿನ್‌ನಲ್ಲಿ. ಮಕ್ಕಳ ಮನೆಮಾತು ಬಹುಪಾಲು ಹೊಕ್ಕಿಯೆನ್. ಇಂಗ್ಲಿಷ್ ಅವರಿಗೆ ದೂರದ ಸಂಬಂಧಿ, ಹಬ್ಬಕ್ಕೊಮ್ಮೆ ಕಂಡರೆ ಕಂಡಿತು. ಆರನೆಯ ವರ್ಷದ ಕೊನೆಯ ಪರೀಕ್ಷೆಯಲ್ಲಿ ಆ ಸಂಬಂಧಿ ದಿಢೀರನೆ ಬಾಗಿಲಿಗೆ ಬಂದು ನಿಲ್ಲುತ್ತದೆ: ಎರಡು ಪುಟದ ಗದ್ಯಭಾಗ, ಅದರ ಕೆಳಗೆ ಪ್ರಶ್ನೆಗಳು, ಎದುರಿಗೆ ಗಡಿಯಾರ. ಟ್ಯೂಷನ್ ಕೇಂದ್ರಗಳು ಇದಕ್ಕೊಂದು ಉಪಾಯ ಕಲಿಸುತ್ತವೆ. ಗದ್ಯ ಓದಬೇಡ. ಮೊದಲು ಪ್ರಶ್ನೆ ಓದು, ಅದರಲ್ಲಿನ ಮುಖ್ಯ ಪದಕ್ಕೆ ಗೆರೆ ಎಳೆ, ಆ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಸಿಕ್ಕಿದ ಸಾಲನ್ನು ಎತ್ತಿ ಬರೆ. ಹೀಗೆ ಮಕ್ಕಳು ತಿಮಿಂಗಿಲದ ಬಗ್ಗೆ ಹತ್ತು ಉತ್ತರ ಬರೆದು, ತಾವು ಓದಿದ್ದು ತಿಮಿಂಗಿಲದ ಬಗ್ಗೆ ಎಂದು ತಿಳಿಯದೆಯೇ ಮನೆಗೆ ಹೋಗುತ್ತಿದ್ದರು.

ಮೋಲಿ ಇದನ್ನು ಸಹಿಸಲಿಲ್ಲ. ಅವಳ ತರಗತಿಯಲ್ಲಿ ಪ್ರತಿ ಮಗುವಿನ ಹತ್ತಿರವೂ ಒಂದು ಖಾಲಿ ಹಾಳೆ ಇರಬೇಕು. ಪ್ರಶ್ನೆಗಳ ಮೇಲೆ ಅದನ್ನು ಹೊದಿಸಬೇಕು. ಪೆನ್ಸಿಲ್ ಕೆಳಗಿಡಬೇಕು. “ಈಗ ನಿಮ್ಮನ್ನ ಯಾರೂ ಏನೂ ಕೇಳ್ತಾ ಇಲ್ಲ. ಓದಿ,” ಎನ್ನುವಳು. ವಿಭಾಗದ ಮುಖ್ಯಸ್ಥೆ ಎರಡು ಸಲ ಕರೆದು ಹೇಳಿದರು, ಪೋಷಕರು ಪತ್ರ ಬರೆದರು. ಅವಳು ಪತ್ರಗಳನ್ನು ಪೂರ್ತಿ ಓದಿ ಜೇಬಿನಲ್ಲಿಟ್ಟುಕೊಂಡಳು.

೨೦೨೦ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮೋಲಿ ತರಗತಿಯನ್ನು ನಮ್ಮ ಕಾರಿಡಾರಿಗೆ ತಂದಳು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಬಿದಿರಿನ ಕುರ್ಚಿ, ಸ್ವೆಟರು, ಫೋನು. ಗದ್ಯದ ಚಿತ್ರವನ್ನು ಮೊದಲು ಕಳಿಸುವಳು, ಪ್ರಶ್ನೆಗಳನ್ನು ಒಂದು ಗಂಟೆ ಬಿಟ್ಟು. ನಡುವಿನ ಆ ಗಂಟೆಯಲ್ಲಿ ತಾನೂ ಅದನ್ನೇ ಗಟ್ಟಿಯಾಗಿ ಓದುವಳು, ನಾನು ನನ್ನ ಬಾಗಿಲ ಬಳಿ ಕೂತು ಕೇಳುವೆನು. ಹೊರಗೆ ಹೆದ್ದಾರಿ ಖಾಲಿ. ಬಂದರಿನ ಕಡೆಯಿಂದ ಹಡಗಿನ ಸದ್ದು ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಬರುತ್ತಿತ್ತು. ಸಂಜೆಯ ಬಿಸಿಲು ಕಾರಿಡಾರಿನ ಉದ್ದಕ್ಕೂ ಮಲಗಿ, ಮೆಲ್ಲನೆ ಎದ್ದು ಹೋಗುತ್ತಿತ್ತು. ಆ ಒಂದೂವರೆ ವರ್ಷ ನಾನು ಹತ್ತು ಕಿಲೋಮೀಟರಿನಾಚೆ ಹೋದದ್ದು ಕಡಿಮೆ, ಆದರೂ ಉಪ್ಪಿನ ಬಯಲಿನಲ್ಲಿ ಸೈಕಲ್ ತುಳಿಯುವ ಅಂಚೆಯವನ ಹಿಂದೆ ಹೋಗಿದ್ದೇನೆ, ನಿದ್ದೆಯಲ್ಲಿ ಬಣ್ಣ ಬದಲಿಸುವ ಆಕ್ಟೋಪಸ್ಸಿನ ತೊಟ್ಟಿಯ ಎದುರು ನಿಂತಿದ್ದೇನೆ, ಮಂಜಿನಲ್ಲಿ ಗಂಟೆ ಬಾರಿಸುವುದೇ ಕೆಲಸವಾಗಿದ್ದ ಹೆಂಗಸೊಬ್ಬಳ ಅಡುಗೆಮನೆಯಲ್ಲಿ ಕೂತಿದ್ದೇನೆ. ಪರೀಕ್ಷೆಯ ಗದ್ಯಗಳಿಗೆ ಮೊದಲೂ ಇರುವುದಿಲ್ಲ, ಕೊನೆಯೂ ಇರುವುದಿಲ್ಲ. ಎಲ್ಲಿಂದಲೋ ಕತ್ತರಿಸಿ ತಂದ ತುಂಡುಗಳು. ನಿದ್ದೆಗೆ ಮುನ್ನ ಅವು ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು. ಅಂಚೆಯವನು ಮಂಜಿನೊಳಗೆ ಹೋಗುತ್ತಿದ್ದ, ಗಂಟೆ ಕೇಳುತ್ತಿತ್ತು.

“ಆ ಅಂಚೆಯವನ ಪತ್ರ ತಲುಪ್ತಾ?” ಎಂದು ಮರುದಿನ ಕೇಳಿದೆ.

“ಪ್ಯಾಸೇಜಿನಲ್ಲಿ ಇಲ್ಲ.”

“ಹುಡುಕಬಹುದಲ್ವೇನೇ, ಯಾವ ಪುಸ್ತಕದ್ದು ಅಂತ?”

“ಬೇಡ ವೇದಾ. ಅವ ಹೋಗ್ತಾ ಇರ್ಲಿ.”

ಪೇ ಶಾನ್ ಎಂಬ ಹುಡುಗಿ ಬಂದದ್ದು ಆ ದಿನಗಳಲ್ಲಿ. ಹಿಂದಿನ ವರ್ಷ ಇಂಗ್ಲಿಷ್ ಒಂದರಲ್ಲಿ ಸೋತು, ವರ್ಷ ಮರಳಿ ಕೂತವಳು. ಅವಳ ತಂದೆಗೆ ಸೂಪಿನ ಅಂಗಡಿ. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ ಬರೀ ತಾಪಾವ್, ಅಂದರೆ ಮನೆಗೊಯ್ಯುವ ಪೊಟ್ಟಣ, ಕಟ್ಟಿಕೊಡುತ್ತಿದ್ದ ಕಾಲ ಅದು. ಹುಡುಗಿ ದೊಡ್ಡ ಪಾತ್ರೆಗಳ ಹಿಂದೆ ಕೂತು, ಒಂದು ಕೈಯಲ್ಲಿ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತ ಪಾಠ ಕೇಳುತ್ತಿದ್ದಳು. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಓದಬೇಕು ಎಂಬುದು ಅವಳ ಆಸೆ. ಅದಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ದರ್ಜೆ ಬೇಕು. ಇದು ಕೊನೆಯ ಅವಕಾಶ, ಈ ಸಲವೂ ಆಗದಿದ್ದರೆ ಅಂಗಡಿಯೇ ಎಂದು ತಂದೆ ಹೇಳಿಯಾಗಿತ್ತು.

ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ, ಫೋನಿನ ಸ್ಪೀಕರಿನಿಂದ ಕಾರಿಡಾರಿಗೆಲ್ಲ ಕೇಳುವಂತೆ ನಡೆಯುತ್ತಿತ್ತು.

“ಪ್ರಶ್ನೆ ಇಲ್ದೆ ಹೇಗೆ ಓದೋದು ಟೀಚರ್? ಏನು ಹುಡುಕ್ಬೇಕು ಅಂತಾನೇ ಗೊತ್ತಾಗಲ್ಲ ಲಾ.”

“ಏನೂ ಹುಡುಕ್ಬೇಡ. ಸುಮ್ನೆ ಒಳಗೆ ಹೋಗು.”

“ಹೋಗಿ?”

“ಯಾರಿದ್ದಾರೆ ನೋಡು.”

ತಿಂಗಳುಗಟ್ಟಲೆ ಹುಡುಗಿಗೆ ಅಲ್ಲಿ ಯಾರೂ ಕಾಣಲಿಲ್ಲ. ಆಮೇಲೊಂದು ಸಂಜೆ ಮೋಲಿ ಚಪ್ಪಲಿ ಮೆಟ್ಟದೆ ಹತ್ತು ಹೆಜ್ಜೆ ದಾಟಿ ನನ್ನ ಬಾಗಿಲಿಗೆ ಬಂದಳು. ಅಂಚೆಯವನ ಗದ್ಯ ಓದಿದ ಪೇ ಶಾನ್, “ಟೀಚರ್, ಅವನಿಗೆ ಸುಸ್ತಾಗಿದೆ, ಆದ್ರೆ ಊರು ಬರೋದು ಅವನಿಗೆ ಇಷ್ಟ ಇಲ್ಲ,” ಎಂದಿದ್ದಳಂತೆ. “ಯಾವ ಸಾಲಲ್ಲೂ ಇಲ್ಲ ಅದು. ಆದ್ರೆ ಸರಿ ಉಂಟು,” ಎಂದ ಮೋಲಿಯ ಮುಖವನ್ನು ನಾನು ಮಾಸ್ಕಿನ ಮೇಲಿನ ಕಣ್ಣುಗಳಲ್ಲಷ್ಟೇ ಕಂಡೆ.

೨೦೨೧ರ ಏಪ್ರಿಲಿನಲ್ಲಿ ಶಾಲೆ ಕೆಲವು ವಾರ ತೆರೆದಾಗ ಅಣಕು ಪರೀಕ್ಷೆ ನಡೆಯಿತು. ಪೇ ಶಾನ್ ಪ್ರಶ್ನೆಗಳ ಮೇಲೆ ಖಾಲಿ ಹಾಳೆ ಹೊದಿಸಿ, ಪೆನ್ಸಿಲ್ ಕೆಳಗಿಟ್ಟು, ಗದ್ಯವನ್ನು ಓದಿದಳು. ಮತ್ತೊಮ್ಮೆ ಓದಿದಳು. ಗಂಟೆ ಹೊಡೆದಾಗ ಕೊನೆಯ ಹನ್ನೊಂದು ಪ್ರಶ್ನೆಗಳು ಹಾಗೆಯೇ ಇದ್ದವು. ಉತ್ತರಿಸಿದವೆಲ್ಲ ಸರಿ, ಒಟ್ಟಿನಲ್ಲಿ ಅನುತ್ತೀರ್ಣ. ತಂದೆ ಫೋನ್ ಮಾಡಿದರು. ಕೂಗಾಡಲಿಲ್ಲ. “ಟೀಚರ್, ಮಗಳು ಚೆನ್ನಾಗಿ ಓದಿದೆ ಅಂತಾಳೆ. ಚೆನ್ನಾಗಿ ಓದಿದ್ರೆ ಯಾಕೆ ಬರೀಲಿಲ್ಲ ಅನ್ನೋದು ನನಗೆ ಅರ್ಥ ಆಗ್ಲಿಲ್ಲ,” ಎಂದಷ್ಟೇ ಕೇಳಿದರು. ಮೋಲಿ ಅವರಿಗೆ ಎಷ್ಟನೇ ಸಾಲು ಎನ್ನಲಿಲ್ಲ.

ಕರೆ ಮುಗಿದ ಮೇಲೆ, “ನಾನು ಆ ಹುಡುಗಿಗೆ ಅನ್ಯಾಯ ಮಾಡಿದೆ ವೇದಾ,” ಎಂದಳು.

“ಓದೋದು ಕಲಿಸಿದ್ದೀಯಲ್ಲೇ.”

“ಅದು ನನಗೆ ಬೇಕಿದ್ದದ್ದು. ಅವಳಿಗೆ ಬೇಕಿದ್ದದ್ದು ನಿಲಾಯ್.”

ಮರುದಿನದಿಂದ ಅವಳು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ಅಡುಗೆಮನೆಯ ಟೈಮರನ್ನೂ ಕಾರಿಡಾರಿಗೆ ತಂದಳು. ಒಂದು ಪತ್ರಿಕೆ ತನ್ನ ದಾರಿಯಲ್ಲಿ, ಇನ್ನೊಂದು ಟ್ಯೂಷನ್ ದಾರಿಯಲ್ಲಿ, ಎಂಟು ದಿನ ಕೂತು ಬರೆದಳು. ಬಂದರಿನ ಕಂಪನಿಯಿಂದ ನಿವೃತ್ತರಾಗಿ ಮನೆಯಲ್ಲಿದ್ದ ಪ್ಯಾಟ್ರಿಕ್ ಚಹಾ ತಂದಿಟ್ಟು, “ನಮ್ಮ ಮೋಲಿಗೆ ಈ ಪ್ರಾಯದಲ್ಲಿ ಎಸ್ಸೆಸ್ಸೆಲ್ಸಿ,” ಎಂದು ನನ್ನ ಕಡೆ ಕಣ್ಣು ಮಿಟುಕಿಸುವರು. ಎಂಟನೆಯ ದಿನ ಅವಳು ಪೆನ್ನಿನ ಮುಚ್ಚಳ ಹಾಕಿ, “ನಾನೂ ಫೇಲ್ ಮಾರಾಯ್ತಿ. ನನ್ನ ದಾರಿಯಲ್ಲಿ ನನಗೇ ನಾಲ್ಕು ಪ್ರಶ್ನೆ ಬಾಕಿ ಉಳೀತದೆ,” ಎಂದಳು. ಮೂವತ್ತು ವರ್ಷ ಕಲಿಸಿದ್ದನ್ನು ಅವಳು ಗಡಿಯಾರ ಇಟ್ಟು ತಾನೇ ಮಾಡಿ ನೋಡಿರಲಿಲ್ಲ. ಅದನ್ನು ಯಾರೂ ಕೇಳದೆಯೇ ಹೇಳಿಕೊಂಡಳು.

ಆ ಸಂಜೆ ಫೋನಿನಲ್ಲಿ, “ಇವತ್ತಿನಿಂದ ಮೊದಲು ಪ್ರಶ್ನೆ ಓದು,” ಎಂದಳು.

ಆ ಕಡೆ ಪಾತ್ರೆಗಳ ಸದ್ದು ನಿಂತಿತು. “ಟೀಚರ್, ಹುಷಾರಾಗಿದ್ದೀರಾ?”

ಮೇ, ಜೂನ್, ಜುಲೈ. ದಿನಕ್ಕೆ ಒಂದು ಗದ್ಯ, ಟೈಮರಿನ ಟಿಕ್‌ಟಿಕ್ ನಮ್ಮ ಮನೆಯೊಳಗೂ ಕೇಳುವುದು. ಮೋಲಿ ಮುಖ್ಯ ಪದಕ್ಕೆ ಗೆರೆ ಎಳೆಸಿದಳು, ಸಾಲು ಹುಡುಕಿಸಿದಳು, ಗೊತ್ತಿಲ್ಲದ ಪದವನ್ನು ದಾಟಿ ಓಡಿಸಿದಳು. ಲಿಫ್ಟಿನ ಸೂಚನೆಯನ್ನೂ ದಾಟಿ ಹೋಗಲಾರದವಳು ಇದನ್ನು ಹೇಗೆ ಹೇಳಿಕೊಟ್ಟಳೋ ತಿಳಿಯದು. ಒಂದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಸಿಕ್ಕಿದ ಸಾಲನ್ನು ಹಾಗೇ ಎತ್ತಿ ಬರೆದರೆ ಪೂರ್ತಿ ಅಂಕವಿಲ್ಲ, ನಿನ್ನ ಮಾತಿನಲ್ಲಿ ಬರೆ. ಮನೆಗಳ ಕಿಟಕಿಗಳಲ್ಲಿ, ಲಾಕ್‌ಡೌನಿನಿಂದ ದುಡಿಮೆ ತಪ್ಪಿದವರು ಅನ್ನ ಬೇಡಿ ಕಟ್ಟಿದ ಬಿಳಿ ಬಾವುಟಗಳು ಕಾಣಿಸಿಕೊಂಡ ಆ ಜುಲೈನಲ್ಲಿ, ನಮ್ಮ ಕಾರಿಡಾರಿನಲ್ಲಿ ಅರ್ಧ ಅಂಕಕ್ಕಾಗಿ ದಿನವೂ ಜಗಳ.

“ಅರ್ಥ ಒಂದೇ ಅಲ್ವಾ ಟೀಚರ್?”

“ಅರ್ಥ ಬರೆದವನದ್ದು. ನಿನ್ನದು ಎಲ್ಲುಂಟು?”

ಆಗಸ್ಟ್ ಮೂರರಂದು ಮೋಲಿಗೆ ಜ್ವರ ಬಂತು. ಆರರಂದು ಆಂಬುಲೆನ್ಸ್ ಬಂತು. ಬಿಳಿಯ ಸೂಟಿನ ಇಬ್ಬರು ಅವಳನ್ನು ಲಿಫ್ಟಿನ ಕಡೆ ಕರೆದೊಯ್ಯುವುದನ್ನು ನಾನು ಬಾಗಿಲ ಕಿಂಡಿಯಿಂದ ನೋಡಿದೆ. ಎದೆಗವಚಿಕೊಂಡ ಫೋನ್, ಎಳೆಯುವ ಹಿಮ್ಮಡಿ. ಕಿಂಡಿಯ ಗಾಜಿನಲ್ಲಿ ಕಾರಿಡಾರು ಬಹಳ ಉದ್ದವಾಗಿ, ಬಾಗಿ, ನೀರಿನೊಳಗಿನಂತೆ ಕಾಣುತ್ತಿತ್ತು.

ಮುಂದೆ ಹೋಗಿ ಹೋಗಿ ಕೊನೆಗೂ ನಡೆದ ಪರೀಕ್ಷೆಯಲ್ಲಿ ಪೇ ಶಾನ್ ಪಾಸಾದಳು. ಬೇಕಾದ ದರ್ಜೆಗಿಂತ ಹೆಚ್ಚೇನೂ ಅಲ್ಲ, ಕಡಿಮೆಯೂ ಅಲ್ಲ. ಈಗ ನಿಲಾಯ್‌ನಲ್ಲಿದ್ದಾಳೆ. ಹೊರಡುವ ಮೊದಲು ಬಂದು, ಪ್ಯಾಟ್ರಿಕ್‌ರಿಗೆ ಕೈಮುಗಿಯುವುದೋ ಕೈಕುಲುಕುವುದೋ ತಿಳಿಯದೆ ಕಾರಿಡಾರಿನಲ್ಲಿ ನಿಂತಿದ್ದಳು.

“ಎಲ್ಲ ಬರೆದು ಆರು ನಿಮಿಷ ಉಳೀತು ಆಂಟಿ,” ಎಂದಳು ನನಗೆ.

“ಆರು ನಿಮಿಷ ಏನು ಮಾಡಿದೆ?”

“ಪ್ಯಾಸೇಜ್ ಓದ್ದೆ. ಸುಮ್ನೆ.”

ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವ ಶಿಕ್ಷಕರನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ. ಅವರ ಕೆಲಸ ಪರೀಕ್ಷೆಯ ದಿನಕ್ಕೆ ಮುಗಿಯುತ್ತದೆ, ಉತ್ತರಪತ್ರಿಕೆಯ ಜೊತೆಗೆ ರದ್ದಿಗೆ ಹೋಗುತ್ತದೆ. ಅವರಲ್ಲಿ ಹಲವರು ಗಡಿಯಾರಕ್ಕೆ ಒಗ್ಗಿಹೋದವರು. ಕೆಲವರು ಗಡಿಯಾರವನ್ನು ಲೆಕ್ಕಿಸದೆ ತಮಗೆ ಪ್ರಿಯವಾದದ್ದನ್ನು ಕಲಿಸಿ, ಸೋಲನ್ನು ಮಕ್ಕಳ ಪಾಲಿಗೆ ಬಿಡುವವರು. ಈ ಎರಡೂ ಬಗೆಯವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ತಾವು ಜೀವಮಾನವಿಡೀ ನಂಬಿದ್ದನ್ನು ಒಂದು ಮಗುವಿನ ಅಗತ್ಯಕ್ಕಾಗಿ ಮಡಿಸಿ ಬದಿಗಿಡಬಲ್ಲರು, ಆದರೆ ಎಷ್ಟು ಬದಿಗಿಡಬೇಕು ಎಂಬುದನ್ನು ಮಾತ್ರ ತಾವೇ ನಿರ್ಧರಿಸುತ್ತಾರೆ. ಅವರ ಜೊತೆ ಬದುಕುವುದು ಸುಲಭವಲ್ಲ. ಅವರಿಲ್ಲದೆ ಬದುಕುವುದನ್ನು ನಾನು ಈಗ ಕಲಿಯುತ್ತಿದ್ದೇನೆ.

ಆಗಸ್ಟ್ ಒಂಬತ್ತರ ಮಧ್ಯಾಹ್ನ ಮೋಲಿಯನ್ನು ಐಸಿಯುಗೆ ಸಾಗಿಸಲು ಬಂದ ನರ್ಸ್ ಫೋನ್ ಕೊಡಿ ಎಂದರಂತೆ, ಇವಳು ಎರಡು ನಿಮಿಷ ಕೇಳಿದಳಂತೆ. ಆ ಫೋನ್ ಈಗ ಪ್ಯಾಟ್ರಿಕ್ ಹತ್ತಿರ ಇದೆ. ಅದರಲ್ಲಿ ಆಕೆಯ ಕೊನೆಯ ಸಂದೇಶಗಳು ಹೋದದ್ದು ಪೇ ಶಾನ್‌ಗೆ, ತೊಂಬತ್ತೆರಡನೆಯ ಗದ್ಯದ ಏಳನೆಯ ಪ್ರಶ್ನೆಯ ಬಗ್ಗೆ. ಮೊದಲನೆಯದನ್ನು ಅಳಿಸಲಾಗಿದೆ. ಅಳಿಸುವ ಮೊದಲೇ ಹುಡುಗಿ ಅದನ್ನು ನೋಡಿದ್ದಳು. ಪೂರ್ತಿ ಒಂದು ಅಂಕ ಎಂದಿತ್ತಂತೆ. ಒಂದು ನಿಮಿಷದ ನಂತರ ಮೋಲಿ ಅದನ್ನು ತೆಗೆದುಹಾಕಿ, ಎರಡನೆಯದನ್ನು ಬರೆದಳು: ಅರ್ಧ ಅಂಕ, ನಿನ್ನ ಮಾತಿನಲ್ಲಿ ಬರೆದು ಕಳಿಸು.