ಒಂದೇ ಥಾನಿನ ಒಂಬತ್ತು ಮಂದಿ

ಮದುವೆಯಾಗಲಿ, ನಾಮಕರಣವಾಗಲಿ, ಸಾವಿನ ಊಟವೇ ಆಗಲಿ, ಲಾಗೋಸಿನಲ್ಲಿ ಮನೆಯವರೆಲ್ಲ ಒಂದೇ ಥಾನಿನ ಬಟ್ಟೆ ಉಡಬೇಕು. ಕೊಟ್ಟ ಬಟ್ಟೆ ಹೊಲಿಸಿಕೊಂಡು ಬಂದವನು ನಮ್ಮವನು. ಬೇರೆ ಬಟ್ಟೆಯಲ್ಲಿ ಬಂದವನ ಹೊಟ್ಟೆಯೊಳಗೆ ಏನೋ ಇದೆ ಎಂದೇ ಅರ್ಥ. ಈ ವಿಷಯದಲ್ಲಿ ಅಬೋಸೆಡೆ ಅತ್ತೆ ಎಂದೂ ಎಡವಿದವಳಲ್ಲ. ಎಡವಿದ್ದು ಒಂದೇ ಸಲ, ಅದೂ ಚಿತ್ರಕಥೆ, ಅಂದರೆ ಕಾಮಿಕ್ಸ್, ಅಭಿಮಾನಿಗಳ ಸಮಾವೇಶಕ್ಕೆ ಹೊರಟಾಗ.

ಮೊರೆನಿಕೆ ಅವಳ ತಮ್ಮನ ಮಗಳು. ಎರಡು ವರ್ಷ ಕೂತು ಒಂದು ಚಿತ್ರಕಥೆ ಪುಸ್ತಕ ಬರೆದಿದ್ದಳು. ಅಬೆಯೋಕುಟಾದಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕಿ ಬದುಕಿದ ಅಜ್ಜಿಯನ್ನೇ ನಾಯಕಿ ಮಾಡಿ, ಬೆನ್ನಿಗೆ ರೆಕ್ಕೆ ಕಟ್ಟಿ, ಊರು ಕಾಯಲು ಹಾರಿಸಿದ್ದಳು. ಆ ಅಜ್ಜಿ ಇವಳು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ.

ಪುಸ್ತಕ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಕನ್ನಡಕ ಏರಿಸಿ ಕೊನೆಯ ಹಾಳೆಯವರೆಗೂ ನೋಡಿದರು. "ನಮ್ಮವ್ವನ್ನ ಹೀಗಾ ಬರೆಯೋದು?" ಎಂದವರೇ ಎದ್ದು ಹೋದರು. ಅದಾಗಿ ಮೂರು ತಿಂಗಳು. ಬೆಳಗ್ಗೆ ಅವಳು ಮಂಡಿಯೂರಿ ನಮಸ್ಕರಿಸಿದರೆ ಒಂದು "ಹೂಂ", ಅದರ ಮೇಲೆ ಮಾತಿಲ್ಲ. ಸತ್ತವಳನ್ನು ಬೀದಿಗೊಂಬೆ ಮಾಡಿಬಿಟ್ಟೆನೆಂದು ಅಪ್ಪನಿಗೆ ನೋವಾಗಿದೆ ಎಂದೇ ಮೊರೆನಿಕೆ ನಂಬಿದಳು. ಸಮಾವೇಶದಲ್ಲಿ ಆ ಅಜ್ಜಿಯ ವೇಷದಲ್ಲಿ ವೇದಿಕೆ ಹತ್ತುತ್ತೇನೆಂದು ಆಗಲೇ ಹೆಸರು ಕೊಟ್ಟಾಗಿತ್ತು. ಅಪ್ಪ ಬಂದು ನೋಡಿದರೆ ಸರಿ, ಇಲ್ಲದಿದ್ದರೆ ವೇದಿಕೆಯೂ ಬೇಡ, ಎರಡನೆಯ ಪುಸ್ತಕವೂ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು. ಮಗನ ಮನಸ್ಸು ನೋಯಿಸಿ ಅವನ ತಾಯಿಯಾಗಿ ಕುಣಿಯುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಅತ್ತೆಗೆ ಈ ಸೂಕ್ಷ್ಮಗಳೆಲ್ಲ ಎಲ್ಲಿಯವು? ಮನೆಮಗಳು ವೇದಿಕೆ ಹತ್ತುತ್ತಾಳೆಂದು ಕಿವಿಗೆ ಬಿದ್ದದ್ದೇ ತಡ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಬೆಯೋಕುಟಾಗೆ ಓಡಿದಳು. ನಾಯಕಿಯ ಮೈಮೇಲಿದ್ದ ಅದೇ ಬಳ್ಳಿ ಚಿತ್ತಾರದ ನೀಲಿ ಬಟ್ಟೆ ಮಾಡಿಸಿ ತಂದು ನೆಂಟರಿಗೆಲ್ಲ ಹಂಚಿದಳು. ಅಲ್ಲಿ ಒಬ್ಬೊಬ್ಬರದು ಒಂದೊಂದು ವೇಷ, ಎಲ್ಲರೂ ನಾಯಕಿಯೇ ಆದರೆ ನಗೆಪಾಟಲು ಎಂದು ಮೊರೆನಿಕೆ ಬಾಯಿ ಬಿಡುವಷ್ಟರಲ್ಲಿ ದರ್ಜಿಗಳು ಕತ್ತರಿ ಆಡಿಸಿಯಾಗಿತ್ತು. ಅಪ್ಪನ ಪಾಲಿನ ತುಂಡೊಂದು ಮಾತ್ರ ಮಡಿಕೆ ಬಿಚ್ಚದೆ ಬೀರುವಿನ ಮೇಲೆ ಹೋಗಿ ಕೂತಿತು.

ಸಮಾವೇಶದ ಮಧ್ಯಾಹ್ನ ಸಭಾಂಗಣದ ತುಂಬ ರಾಕ್ಷಸರು, ತಗಡಿನ ಮನುಷ್ಯರು, ನಕ್ಷತ್ರಲೋಕದ ಸೈನಿಕರು. ಮೊರೆನಿಕೆಯ ಗೆಳತಿ ಎಬಿಯೆರೆ ನದಿಯ ಮೊಸಳೆಯಾಗಿದ್ದಳು. ರಟ್ಟಿನ ಬಾಲ ಹತ್ತು ಜನರ ಕಾಲಿಗಾದರೂ ತೊಡರಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಅತ್ತೆಯ ದಂಡು, ಒಟ್ಟು ಒಂಬತ್ತು ಮಂದಿ, ನೀಲಿ ಬಟ್ಟೆ ಉಟ್ಟು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಬಂದಿತ್ತು. ಜೊಲ್ಲೊಫ್ ಅನ್ನದ ಪಾತ್ರೆ ಒಳಗೆ ಬಿಡುವುದಿಲ್ಲವೆಂದ ಕಾವಲುಗಾರನಿಗೆ ಅತ್ತೆ ಮೊದಲ ತಟ್ಟೆ ಬಡಿಸಿ ಬಾಯಿ ಕಟ್ಟಿದ್ದಳು.

ಮೊರೆನಿಕೆಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಯಾರೂ ನಗಲಿಲ್ಲ. ಒಂಬತ್ತು ಜನ ಒಟ್ಟಿಗೆ ವೇಷ ಕಟ್ಟಿ ಬಂದಿದ್ದಾರೆಂದರೆ ದೊಡ್ಡ ಕಥೆಯೇ ಇರಬೇಕು ಎಂದುಕೊಂಡ ಜನ ಫೋಟೋಗೆ ಸಾಲು ನಿಂತರು. ತಗಡಿನ ಮನುಷ್ಯನೊಬ್ಬ ಯಾವ ಪುಸ್ತಕದವರು ನೀವು ಎಂದು ಕೇಳಿದ್ದಕ್ಕೆ ಅತ್ತೆ, ಇಷ್ಟೂ ಗೊತ್ತಿಲ್ಲದೆ ಇಲ್ಲಿಗ್ಯಾಕೆ ಬಂದೆ ಎಂದು ಅವನನ್ನೇ ಗದರಿದಳು. ಮೊರೆನಿಕೆಗೆ ಅರ್ಧ ಜೀವ ಮರಳಿ ಬಂತು. ಇನ್ನರ್ಧ ಬಾಗಿಲ ಕಡೆಯೇ ನೋಡುತ್ತಿತ್ತು.

"ಅತ್ತೆ, ಅಪ್ಪ?"

"ಗಾಡೀಲಿ ಜಾಗ ಇದೆ ಬಾರೋ ಅಂದೆ. ನೀವು ನಡೀರಿ ಅಂದ. ಬರ್ತಾನೋ ಬಿಡ್ತಾನೋ, ಅವನ ಮನಸ್ಸು ಅವನನ್ನ ಹೆತ್ತೋಳಿಗೂ ಗೊತ್ತಾಗ್ಲಿಲ್ಲ."

ಅವಳ ಸರದಿಗೆ ಇನ್ನಿಬ್ಬರು ಉಳಿದಿದ್ದರು. ವೇದಿಕೆಯ ಪಕ್ಕದಲ್ಲಿ ನಿಂತ ಮೊರೆನಿಕೆ ರೆಕ್ಕೆಯ ಪಟ್ಟಿ ಸಡಿಲಿಸತೊಡಗಿದಳು. ಎಬಿಯೆರೆ ಬೈದಳು, ಬೇಡಿಕೊಂಡಳು, ಯಾವುದೂ ಅವಳ ತಲೆಗೆ ಹೋಗಲಿಲ್ಲ. ಒಂದು ಪಟ್ಟಿ ಬಿಚ್ಚಿ ತಲೆಯೆತ್ತಿದರೆ ಎದುರಿಗೆ ಅಪ್ಪ. ಇಸ್ತ್ರಿ ಮಾಡಿದ ಬಿಳಿ ಅಗ್ಬಾಡ ನಿಲುವಂಗಿ, ಕೈಯಲ್ಲಿ ಕೊಡೆ, ತಲೆಯ ಮೇಲೆ ಅದೇ ನೀಲಿ ಬಟ್ಟೆಯ ಹೊಸ ಟೋಪಿ.

ಮೊರೆನಿಕೆ ಇದ್ದಲ್ಲೇ ಮಂಡಿಯೂರಿದಳು. ಜೋತುಬಿದ್ದ ರೆಕ್ಕೆ ಎಬಿಯೆರೆಯ ಮೂತಿಗೆ ಬಡಿಯಿತು. ಅಪ್ಪ ಮಗಳ ಭುಜ ಹಿಡಿದು ಎಬ್ಬಿಸಿ, ಅವಳ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲೂ ಬಣ್ಣ ಇಲ್ಲ," ಎಂದರು.

"ಯಾವ ಬಣ್ಣ ಅಪ್ಪ?"

"ಅವ್ವನ ಕೈ ಮೊಣಕೈವರೆಗೂ ನೀಲಿ ಇತ್ತು. ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ. ನಿನ್ನ ಪುಸ್ತಕದಲ್ಲಿ ಅದನ್ನೇ ಹುಡುಕಿದೆ. ಒಂದು ಹಾಳೇಲೂ ಸಿಗ್ಲಿಲ್ಲ."

"ನನಗೆ ಯಾರೂ ಹೇಳಿರಲಿಲ್ವಲ್ಲಪ್ಪ."

"ಹೇಳ್ಬೇಕಾಗಿದ್ದೋನು ನಾನೇ." ಅಪ್ಪ ಕೊಡೆಯನ್ನು ಕಂಕುಳಿಗೆ ಸೇರಿಸಿದರು. "ಸ್ಕೂಲ್ ಗೇಟ್ ಹತ್ರ ಹುಡುಗ್ರು ನಗ್ತಾರೆ, ಕೈ ಸೆರಗಿನೊಳಗೆ ಇಟ್ಕೋ ಅಂತ ಅವ್ವಂಗೆ ಹೇಳಿದ್ದೆ. ನಾನು ಓದು ಮುಗಿಸೋವರೆಗೂ ಅವಳು ಹಾಗೇ ಇಟ್ಕೊಂಡ್ಲು. ನೀನೂ ಆ ಕೈ ಮುಚ್ಚಿಟ್ಟೆ ಅನ್ನಿಸ್ತು. ಸಿಟ್ಟು ನಿನ್ನ ಮೇಲಲ್ಲ ಮಗಳೇ."

ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದುಹೋಯಿತು. ಮೊರೆನಿಕೆಗೆ ಅಳು ಬರಬೇಕಿತ್ತು, ನಗು ಬಂತು. ಅಪ್ಪ ಅಜ್ಜಿಯನ್ನು ತನ್ನಿಂದ ಕಿತ್ತುಕೊಳ್ಳಲು ಬಂದಿರಲಿಲ್ಲ, ಪೂರ್ತಿಯಾಗಿ ಕೊಡಲು ಬಂದಿದ್ದರು.

ಎಬಿಯೆರೆ ಯಾರದೋ ಡಬ್ಬಿಯಿಂದ ಮುಖಕ್ಕೆ ಬಳಿಯುವ ನೀಲಿ ಬಣ್ಣ ತಂದಳು. ಅಪ್ಪ ಕೊಡೆಯನ್ನು ಅವಳ ಕೈಗಿತ್ತು, ನಿಲುವಂಗಿಯ ಬಿಳಿ ತೋಳುಗಳನ್ನು ಭುಜಕ್ಕೆ ಮಡಚಿ, ಬಣ್ಣದಲ್ಲಿ ಕೈ ಅದ್ದಿ ಮಗಳ ಬೆರಳಿನಿಂದ ಮೊಣಕೈವರೆಗೆ ಬಳಿಯತೊಡಗಿದರು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ವೇದಿಕೆಯ ಮೇಲಿಂದ ಮೊರೆನಿಕೆಯ ಹೆಸರು ಕೂಗಿದರು. ಇನ್ನೊಂದು ನಿಮಿಷ ಕಾಯಲಿ ಎಂದು ಹೆಡ್‌ಮಾಸ್ಟರ ದನಿಯಲ್ಲೇ ಹೇಳಿ, ಎಡಗೈಯನ್ನೂ ಮುಗಿಸಿ, ರೆಕ್ಕೆಯ ಪಟ್ಟಿ ಬಿಗಿದು, ಹೋಗು ಎಂದು ಕಳಿಸಿದರು.

ಕೈ ಒರೆಸಿಕೊಳ್ಳಲು ಎಬಿಯೆರೆ ಬಟ್ಟೆ ಕೊಟ್ಟಳು. ಅಪ್ಪ ಬೇಡವೆಂದರು. ಅತ್ತೆಯ ದಂಡಿನ ಮುಂದೆ ಬಂದು, ನೀಲಿ ಕೈಗಳನ್ನು ಎಲ್ಲರಿಗೂ ಕಾಣುವಷ್ಟು ಮೇಲೆತ್ತಿ, ಚಪ್ಪಾಳೆ ತಟ್ಟುತ್ತ ನಿಂತರು.