ಸುಡದೆ ಇಟ್ಟುಕೊಂಡ ಹಾಸಿಗೆ

ಸತ್ತವರ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದಂತೆ, ಸುಟ್ಟುಬಿಡಬೇಕಂತೆ. ನನ್ನ ಗಂಡ ತೀರಿಕೊಂಡ ಮೇಲೆ ಅವರಣ್ಣ ದಾಮೋದರ ಭಾವ ಮೂರು ಸಲ ಹೇಳಿದರು. ನಾನು ಕೇಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದಾಗಿನಿಂದ ಅದರ ಮೇಲೆಯೇ ಮಲಗತೊಡಗಿದೆ. ಅಳು ಬರಲಿಲ್ಲ, ನಿದ್ದೆ ಬಂತು.

ವಾರದೊಳಗೆ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದುಗಳು ಎದ್ದವು. ಸೊಳ್ಳೆ ಇರಬೇಕೆಂದು ಸುಮ್ಮನಾದೆ. ಇವತ್ತು ಬೆಳಿಗ್ಗೆ ಭಾವ ಮತ್ತೆ ಬಂದರು. ನನ್ನನ್ನು ಕೇಳದೆಯೇ ಹಾಸಿಗೆಯನ್ನು ಕಾಫಿ ಒಣಗಿಸುವ ಕಣದ ಅಂಚಿಗೆ ಎಳೆದರು. ಬಿಸಿಲಿಗೆ ಹೊಲಿಗೆಯ ಸಂದಿಯಿಂದ ಏನೋ ಹರಿದಾಡಿತು.

“ಅಯ್ಯೋ ಸುಭದ್ರಾ, ತಿಗಣೆ! ಎಷ್ಟಿದಾವೆ ನೋಡು. ಹೊರನಾಡಿಗೆ ಹೋದಾಗ ಲಾಡ್ಜಲ್ಲಿ ಉಳ್ಕೊಂಡಿದ್ರಲ್ಲ, ಅಲ್ಲಿಂದ್ಲೇ ಬಂದಿರ್ಬೇಕು.”

ಹೌದು, ಉಳಿದಿದ್ದೆವು. ಇವರ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಹೋಗಿದ್ದೆವು. ಮನೆಗೆ ಬಂದು ಬ್ಯಾಗನ್ನು ಈ ಹಾಸಿಗೆಯ ಮೇಲೆಯೇ ಬಿಚ್ಚಿದವಳು ನಾನು.

ಭಾವ ಕಳೆ ಹೊಡೆಯುವ ಮಿಷನ್ನಿಗೆ ತಂದಿಟ್ಟಿದ್ದ ಪೆಟ್ರೋಲು ಸುರಿದು ಕಡ್ಡಿ ಗೀರಿದರು. ನಾನು ತೋಳು ಕೆರೆದುಕೊಳ್ಳುತ್ತಾ ನೋಡಿದೆ.

ಕೊನೆಯ ಎರಡು ತಿಂಗಳು ಇವರು ಏಳಲಾರದೆ ಅದರಲ್ಲೇ ಇದ್ದರು. “ಏನೋ ಕಚ್ತಾ ಇದೆ ಕಣೇ, ಒಂಚೂರು ನೋಡು” ಎಂದು ದಿನವೂ ಹೇಳುತ್ತಿದ್ದರು. ಲಿವರ್ ಕೆಟ್ಟರೆ ಮೈ ತುರಿಸುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ನಾನು ಒಮ್ಮೆಯೂ ನೋಡಲಿಲ್ಲ. ಕೆರೆದು ಗಾಯ ಮಾಡಿಕೊಳ್ಳದಿರಲೆಂದು ಅವರ ಎರಡೂ ಕೈಗಳನ್ನು ನನ್ನ ಹಳೇ ಸೀರೆಯಲ್ಲಿ ಕಟ್ಟಿಹಾಕಿದ್ದೆ.